ಹತ್ತಿ, ಇಳಿದು, ಮತ್ತೆ ಹತ್ತಿ: ವ್ಯಾಂಕೂವರ್‌ನಿಂದ ಅಲಾಸ್ಕಾಕ್ಕೆ ಹಡಗಿನಲ್ಲಿ

ಮೊದಲ ದಿನ: ವ್ಯಾಂಕೂವರ್

ವ್ಯಾಂಕೂವರ್‌ನ ಕೆನಡಾ ಪ್ಲೇಸ್ ಕಟ್ಟಡಕ್ಕೆ ಐದು ಬಿಳಿ ಹಾಯಿಗಳ ಚಾವಣಿ. 1986ರ ವಿಶ್ವ ಮೇಳಕ್ಕೆಂದು ಕಟ್ಟಿದ್ದು. ಬೀದಿಯಲ್ಲಿ ನಿಂತು ನೋಡಿದರೆ ಕಟ್ಟಡವೇ ಲಂಗರು ಕಿತ್ತು ಹೊರಟಿದೆ ಎನ್ನಿಸುತ್ತದೆ. ನಾವು ಹತ್ತಬೇಕಿದ್ದ ನಿಜವಾದ ಹಡಗು ಅದರ ಮಗ್ಗುಲಲ್ಲೇ ಇತ್ತು. ಆದರೆ ಟ್ಯಾಕ್ಸಿ ನಮ್ಮನ್ನು ನೆಲಮಾಳಿಗೆಯಲ್ಲಿ ಇಳಿಸಿದ್ದರಿಂದ ಹಡಗೂ ಕಾಣಲಿಲ್ಲ, ಸಮುದ್ರವೂ ಕಾಣಲಿಲ್ಲ. ಕಂಡದ್ದು ಕಾಂಕ್ರೀಟ್ ಕಂಬಗಳು, ಸೂಟ್‌ಕೇಸುಗಳ ಗುಡ್ಡ ಮತ್ತು ಆ ಗುಡ್ಡವನ್ನು ಕರಗಿಸುತ್ತಿದ್ದ ಹಮಾಲರು.

ದೊಡ್ಡ ಸಾಮಾನನ್ನು ಇಲ್ಲೇ ಕೈಬಿಡಬೇಕು. ಮನೆಯಲ್ಲೇ ಮುದ್ರಿಸಿ ತಂದ ಕಾಗದದ ಚೀಟಿಯಲ್ಲಿ ಕ್ಯಾಬಿನ್ ಸಂಖ್ಯೆ ಇರುತ್ತದೆ. ಅದನ್ನು ಸೂಟ್‌ಕೇಸಿನ ಹಿಡಿಗೆ ಕಟ್ಟಿ ಹಮಾಲರಿಗೆ ಒಪ್ಪಿಸಿದರೆ ಆಮೇಲೆ ಅದು ಸಿಗುವುದು ಸಂಜೆಗೋ ರಾತ್ರಿಗೋ ಕ್ಯಾಬಿನ್ ಬಾಗಿಲಲ್ಲಿ. ನಮ್ಮ ಚೀಟಿಗಳನ್ನು ನೋಡಿದ ಹಮಾಲ ಮುಖ ಸಿಂಡರಿಸಿ, "ಇದು ಸಂಜೆಯವರೆಗೆ ಬಾಳುವುದಿಲ್ಲ" ಎಂದು ಸ್ಟೇಪ್ಲರಿನಿಂದ ಇನ್ನೆರಡು ಪಿನ್ನು ಹೊಡೆದ. ಪ್ಲಾಸ್ಟಿಕ್ ಹೊದಿಕೆಯೊಳಗಿನ ಚೀಟಿ ತಂದವರನ್ನು ಕಂಡರೆ ಅವನಿಗೆ ಗೌರವವಂತೆ. ಔಷಧ, ಪಾಸ್‌ಪೋರ್ಟ್, ಚಾರ್ಜರ್, ಬೆಚ್ಚಗಿನ ಒಂದು ಅಂಗಿ ಇವಿಷ್ಟನ್ನು ಕೈಚೀಲದಲ್ಲಿ ಇಟ್ಟುಕೊಂಡವರ ಮಧ್ಯಾಹ್ನ ನೆಮ್ಮದಿಯಾಗಿ ಕಳೆಯುತ್ತದೆ. ನನ್ನ ಅಕ್ಕ ಇವುಗಳ ಜೊತೆಗೆ ಹಲ್ಲುಜ್ಜುವ ಬ್ರಷ್ಷನ್ನೂ ಸೇರಿಸಿದ್ದಳು. ಅವಳ ದೂರದೃಷ್ಟಿಗೆ ಆ ರಾತ್ರಿಯೇ ಬೆಲೆ ಬಂತು.

ಮುಂದಿನದು ಸಾಲು. ಒಂದೇ ದಿನ ಮೂರು ಹಡಗುಗಳು ಬಂದು ನಿಂತಿದ್ದವು. ಹಡಗಿಗೆ ಬರುವ ಗಂಟೆಯನ್ನು ಮೊದಲೇ ಆರಿಸಿಕೊಳ್ಳಲು ಹೇಳುತ್ತಾರೆ. ಆ ಗಂಟೆಗಿಂತ ಮುಂಚೆ ಬಂದವರನ್ನು ಪಕ್ಕಕ್ಕೆ ನಿಲ್ಲಿಸುವುದನ್ನೂ ಕಂಡೆ, ಮುಂಚೆ ಬಂದವರೇ ಮೊದಲು ಒಳಹೋಗುವುದನ್ನೂ ಕಂಡೆ. ನಿಯಮ ಯಾವುದೆಂದು ವಿಚಾರಿಸಲು ಹೋಗಲಿಲ್ಲ. ಮೊದಲು ಭದ್ರತಾ ತಪಾಸಣೆ, ಅದಾದ ಮೇಲೆ ಅಮೆರಿಕದ ವಲಸೆ ಅಧಿಕಾರಿಗಳ ಸಾಲು. ಕೆನಡಾದ ನೆಲದಲ್ಲೇ ಅಮೆರಿಕದ ತಪಾಸಣೆ ಮುಗಿದುಹೋಗುತ್ತದೆ. ಹಾಗಾಗಿ ಅಲಾಸ್ಕಾದ ಊರುಗಳಲ್ಲಿ ಇಳಿಯುವಾಗ ಮತ್ತೆ ವಲಸೆ ಅಧಿಕಾರಿಯ ಮುಂದೆ ನಿಲ್ಲಬೇಕಿಲ್ಲ. ವೀಸಾ ಬೇಕಾದವರು ಮರೆಯಬಾರದ ಸಂಗತಿಯೊಂದಿದೆ: ಹಡಗು ಕೆನಡಾ ಬಿಟ್ಟು ಮತ್ತೆ ಕೆನಡಾಕ್ಕೇ ಬರುವುದರಿಂದ ಒಂದೇ ಪ್ರವೇಶದ ಕೆನಡಾ ವೀಸಾ ಇದ್ದವರು ಅದು ವಾಪಸಿಗೂ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಅಲಾಸ್ಕಾ ಅಮೆರಿಕದ್ದಾದರೂ ಇಷ್ಟೊಂದು ಹಡಗುಗಳು ಕೆನಡಾದಿಂದ ಹೊರಡುವುದರ ಹಿಂದೆ 1886ರ ಅಮೆರಿಕದ ಕಾನೂನಿನ ಕೈವಾಡವಿದೆ. ವಿದೇಶಿ ಬಾವುಟದ ಹಡಗು ಅಮೆರಿಕದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಜನರನ್ನು ಸುಮ್ಮನೆ ಸಾಗಿಸುವಂತಿಲ್ಲ. ನಡುವೆ ಹೊರದೇಶದ ಬಂದರು ಬರಲೇಬೇಕು. ನಮ್ಮ ಹಡಗಿನ ಹಿಂಬದಿಯಲ್ಲಿ ಬಹಾಮಾಸ್ ದೇಶದ ನಸ್ಸೌ ಊರಿನ ಹೆಸರಿತ್ತು, ಅಂದರೆ ಅದರ ನೋಂದಣಿ ಅಲ್ಲಿಯದು.

ಸಾಲು ಅರ್ಧ ಕರಗುವಷ್ಟರಲ್ಲಿ ಕಟ್ಟಡದ ಮೇಲಿನಿಂದ ಭಾರಿ ಕೊಂಬಿನ ಸದ್ದು ಬಂತು. ಹಡಗು ಹೊರಟಿತೆಂದು ಹಿಂದಿನ ಹುಡುಗ ಅಳುವ ಹಾಗಾದ. ಹೊರಟಿರಲಿಲ್ಲ; ಕೆನಡಾದ ರಾಷ್ಟ್ರಗೀತೆಯ ಮೊದಲ ನಾಲ್ಕು ಸ್ವರಗಳನ್ನು ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಇಲ್ಲಿ ಊದುತ್ತಾರೆ. ಸಮವಸ್ತ್ರದ ಹೆಂಗಸೊಬ್ಬರು ಹುಡುಗನಿಗೆ ಅದನ್ನು ಹಾಡಿಯೇ ತೋರಿಸಿದರು.

ಕೊನೆಯ ಮೇಜಿನಲ್ಲಿ ಪಾಸ್‌ಪೋರ್ಟ್ ನೋಡಿ, ಭಾವಚಿತ್ರ ತೆಗೆದು, ಪ್ಲಾಸ್ಟಿಕ್ ಕಾರ್ಡ್ ಕೊಟ್ಟರು. ಈ ಕಾರ್ಡೇ ಕ್ಯಾಬಿನ್ನಿನ ಬೀಗದ ಕೈ, ಹಣದ ಚೀಲ, ಗುರುತಿನ ಚೀಟಿ ಎಲ್ಲವೂ. ಹಡಗಿನಲ್ಲಿ ನಗದಿಗೆ ಕೆಲಸವಿಲ್ಲ. ಕಾರ್ಡ್ ತೋರಿಸಿದ್ದೆಲ್ಲ ಖಾತೆಗೆ ಬರೆಯಲ್ಪಡುತ್ತದೆ. ಸಿಬ್ಬಂದಿಯ ಭಕ್ಷೀಸೂ ದಿನದ ಲೆಕ್ಕದಲ್ಲಿ ತಾನಾಗಿಯೇ ಏರುತ್ತಿರುತ್ತದೆ. ಅದನ್ನು ಬಜೆಟ್ಟಿನಲ್ಲಿ ಸೇರಿಸದೆ ಬಂದವರ ಮುಖ ಕೊನೆಯ ದಿನ ನೋಡಬೇಕು.

ಗಾಜಿನ ಕೊಳವೆಯಂಥ ಸೇತುವೆಯಲ್ಲಿ ನಡೆಯುತ್ತಿದ್ದವರಿಗೆ ಹಡಗು ಶುರುವಾದದ್ದು ತಿಳಿದದ್ದು ಕಾಲಡಿಯ ಲೋಹದ ಪಟ್ಟಿಯಿಂದ. ಹಡಗಿನ ಪೂರ್ಣರೂಪ ಇನ್ನೂ ಕಂಡಿರಲಿಲ್ಲ. ಕಾರ್ಡನ್ನು ಯಂತ್ರಕ್ಕೆ ತೋರಿಸಿದೆವು, ಅದು 'ಟಿಂಗ್' ಎಂದಿತು, ಒಬ್ಬಾತ ಕೈಗೆ ಸ್ಯಾನಿಟೈಸರ್ ಸುರಿದ. ಆ 'ಟಿಂಗ್' ಮತ್ತು ಸ್ಯಾನಿಟೈಸರ್ ಎರಡೂ ಪ್ರವಾಸ ಮುಗಿಯುವವರೆಗೆ ನಮ್ಮ ಬೆನ್ನು ಬಿಡಲಿಲ್ಲ. ಸಾವಿರಾರು ಜನ ಒಂದೇ ಚಮಚದಿಂದ ಬಡಿಸಿಕೊಳ್ಳುವ ಜಾಗದಲ್ಲಿ ನೊರೋವೈರಸ್ ಹೊಕ್ಕರೆ ಎಲ್ಲರ ಹೊಟ್ಟೆಯೂ ಕೆಡುತ್ತದೆ. ಆ ವೈರಸ್ಸಿಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಮೇಲು. ಊಟದ ಮನೆಯ ಬಾಗಿಲಲ್ಲಿ ಅದಕ್ಕೆಂದೇ ತೊಟ್ಟಿಗಳಿದ್ದವು.

ಕ್ಯಾಬಿನ್ ಇನ್ನೂ ಸಿದ್ಧವಿರಲಿಲ್ಲ. ಅದೇ ಬೆಳಿಗ್ಗೆ ಒಂದು ಹಡಗು ತುಂಬ ಜನ ಇಳಿದುಹೋಗಿದ್ದಾರೆ. ಕೆಲವೇ ಗಂಟೆಗಳಲ್ಲಿ ಎಲ್ಲ ಹಾಸಿಗೆಗಳೂ ಬದಲಾಗಬೇಕು. ಆದ್ದರಿಂದ ಹತ್ತಿದವರೆಲ್ಲ ಕೈಚೀಲದೊಂದಿಗೆ ಮೇಲಿನ ಬಫೆಗೆ ನುಗ್ಗಿದ್ದರು. ತಟ್ಟೆ ಹಿಡಿದು ಕುರ್ಚಿಗಾಗಿ ಅಲೆಯುವವರ ದೃಶ್ಯವನ್ನು ನೋಡಿ ಅಕ್ಕ ತಿರುಗಿ ನಡೆದಳು. ಕೆಳಗಿನ ದೊಡ್ಡ ಭೋಜನ ಶಾಲೆಯೂ ಆ ಮಧ್ಯಾಹ್ನ ತೆರೆದಿರುವುದನ್ನು ಫಲಕವೊಂದರಲ್ಲಿ ಓದಿದ್ದಳು. ಬಿಳಿ ಬಟ್ಟೆಯ ಮೇಜು, ಕಿಟಕಿಯಾಚೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನಗಳು, ಸುಟ್ಟ ಹ್ಯಾಲಿಬಟ್ ಮೀನು, ಸುತ್ತ ಬೆರಳೆಣಿಕೆಯ ಜನ.

ಹೊರಡುವ ಮೊದಲು ಒಂದು ಕೆಲಸ ಕಡ್ಡಾಯ: ಅಪಾಯದ ಅಭ್ಯಾಸ. ಏಳು ಚಿಕ್ಕ ಸಿಳ್ಳು, ಒಂದು ಉದ್ದನೆಯ ಸಿಳ್ಳು. ಕ್ಯಾಬಿನ್ನಿನ ಟಿವಿಯಲ್ಲಿ ಜೀವರಕ್ಷಕ ಅಂಗಿ ಕಟ್ಟಿಕೊಳ್ಳುವುದನ್ನು ನೋಡಿ, ಕಾರ್ಡಿನಲ್ಲಿ ಬರೆದ ಜಾಗಕ್ಕೆ ಹೋಗಿ ಹಾಜರಿ ಹಾಕಿಸಬೇಕು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ ಬಂತು. ಆದರೂ ಅಭ್ಯಾಸವನ್ನು ಹತ್ತಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಮಾಡಿದರೆ ಸಾಕು ಎನ್ನುವ ಸಡಿಲಿಕೆ ಬಹಳ ಕಾಲ ಉಳಿದಿತ್ತು. 2012ರ ಜನವರಿಯಲ್ಲಿ ಇಟಲಿಯ ಜಿಲ್ಯೋ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಎಂಬ ಪ್ರವಾಸಿ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಆ ಸಂಜೆಯೇ ಹಡಗು ಹತ್ತಿದ್ದ ನೂರಾರು ಜನರಿಗೆ ಅಭ್ಯಾಸವೇ ಆಗಿರಲಿಲ್ಲ. ಈಗ ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅದು ಮುಗಿಯಬೇಕು. ತಪ್ಪಿಸಿಕೊಂಡವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗುತ್ತಾರೆ. ನಮ್ಮ ಹಡಗಿನಲ್ಲಿ ಒಂದೇ ಕುಟುಂಬದ ಹೆಸರು ಎಷ್ಟು ಬಾರಿ ಕೇಳಿಸಿತೆಂದರೆ ರಾತ್ರಿಯ ಹೊತ್ತಿಗೆ ಅವರು ಎಲ್ಲರಿಗೂ ಪರಿಚಿತರಾಗಿದ್ದರು.

ಸಂಜೆ ಹಡಗು ಸದ್ದಿಲ್ಲದೆ ಕಟ್ಟೆ ಬಿಟ್ಟಿತು. ಸ್ಟ್ಯಾನ್ಲಿ ಪಾರ್ಕಿನ ಕಡುಹಸಿರು ಮಗ್ಗುಲಲ್ಲಿ ಜಾರಿ, ಎದುರಿಗೆ ಲಯನ್ಸ್ ಗೇಟ್ ತೂಗುಸೇತುವೆ ಬಂತು. 1938ರ ಈ ಸೇತುವೆಯ ಅಡಿಯಲ್ಲಿ ಸುಮಾರು 61 ಮೀಟರ್ ಜಾಗವಿದೆ. ಮೇಲಿನ ಅಂತಸ್ತಿನಲ್ಲಿ ನಿಂತವರಿಗೆ ಲೆಕ್ಕದಲ್ಲಿ ನಂಬಿಕೆ ಉಳಿಯುವುದಿಲ್ಲ. ಹೊಗೆಗೊಳವೆ ಸೇತುವೆಗೆ ತಗುಲಿಯೇ ತೀರುತ್ತದೆ ಎಂದು ಎಲ್ಲರೂ ತಲೆ ತಗ್ಗಿಸಿದರು, ನಾನೂ ಸೇರಿ. ಮೇಲಿನಿಂದ ಸೈಕಲ್ ಸವಾರರು ನಿಂತು ಕೈಬೀಸಿದರು.

ಅಕ್ಕನ ಸೂಟ್‌ಕೇಸ್ ಹತ್ತಕ್ಕೆ ಬಂತು. ನನ್ನದು ಬರಲಿಲ್ಲ. ಕ್ಯಾಬಿನ್ ನೋಡಿಕೊಳ್ಳುತ್ತಿದ್ದ ಫಿಲಿಪ್ಪೀನ್ಸಿನ ಸಹಾಯಕ, "ಎರಡು ಸಾಧ್ಯತೆ ಇದೆ. ಚೀಟಿ ಹರಿದಿರಬೇಕು, ಇಲ್ಲವೇ ಒಳಗೆ ಇಸ್ತ್ರಿಪೆಟ್ಟಿಗೆ ಇರಬೇಕು" ಎಂದ. ಬೆಂಕಿ ಹಡಗಿನ ದೊಡ್ಡ ಶತ್ರು. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಪಾತ್ರೆ, ಮೇಣದ ಬತ್ತಿ ಇದ್ದ ಚೀಲಗಳನ್ನು ಎಕ್ಸ್‌ರೇ ಹಿಡಿದು ಕೆಳಗಿನ ಕೋಣೆಯಲ್ಲಿ ಕೂರಿಸುತ್ತಾರೆ. ಅಲ್ಲಿ ಹೋಗಿ ನೋಡಿದರೆ ಸಾಲಾಗಿ ಅಪರಾಧಿ ಚೀಲಗಳು, ಒಂದೊಂದರ ಮುಂದೆಯೂ ನಾಚಿಕೊಂಡ ಮಾಲೀಕರು. ನನ್ನದು ಅಲ್ಲಿಯೂ ಇರಲಿಲ್ಲ. ಹನ್ನೊಂದೂವರೆಗೆ ಇನ್ನೊಂದು ಅಂತಸ್ತಿನ ಕ್ಯಾಬಿನ್ ಮುಂದೆ, ಚೀಟಿಯ ಅರ್ಧ ಅಂಕಿಗಳನ್ನು ಕಳೆದುಕೊಂಡು ನಿಂತಿದ್ದ ಸ್ಥಿತಿಯಲ್ಲಿ ಸಿಕ್ಕಿತು. ಹಮಾಲ ಹೇಳಿದ್ದು ಸರಿಯಾಗಿಯೇ ಇತ್ತು.

ಎರಡನೆಯ ದಿನ: ನೀರೇ ದಾರಿ

ನಾವು ಮಲಗಿದ್ದಾಗ ಹಡಗು ಸೀಮೋರ್ ನ್ಯಾರೋಸ್ ಎಂಬ ಇಕ್ಕಟ್ಟನ್ನು ದಾಟಿತ್ತು. ಅಲ್ಲಿ ನೀರಿನಡಿಯಿದ್ದ ರಿಪ್ಪಲ್ ರಾಕ್ ಎಂಬ ಬಂಡೆ ನೂರಕ್ಕೂ ಹೆಚ್ಚು ಹಡಗು ದೋಣಿಗಳನ್ನು ಹಾಳುಮಾಡಿತ್ತು. ಅದರೊಳಕ್ಕೆ ಸುರಂಗ ಕೊರೆದು ಸಾವಿರ ಟನ್ನಿಗೂ ಮೀರಿದ ಸ್ಫೋಟಕ ತುಂಬಿ 1958ರ ಏಪ್ರಿಲ್ 5ರಂದು ತಲೆ ಹಾರಿಸಿದರು. ಇಂದಿಗೂ ಹಡಗುಗಳು ಅಲ್ಲಿ ಪ್ರವಾಹ ಶಾಂತವಾಗುವ ಹೊತ್ತನ್ನು ನೋಡಿಯೇ ಹಾಯುತ್ತವೆ. ಅದನ್ನು ನೋಡಲೆಂದು ಎದ್ದು ಕುಳಿತಿದ್ದ ಮುದುಕರೊಬ್ಬರನ್ನು ಬೆಳಿಗ್ಗೆ ಕೇಳಿದೆ. "ಕತ್ತಲಿತ್ತು" ಎಂದರು. "ಆದರೂ ನಾನು ಅಲ್ಲಿದ್ದೆ."

ದ್ವೀಪಗಳ ಮರೆಯಲ್ಲಿ ಹಡಗು ಕದಲುವುದೇ ಗೊತ್ತಾಗುವುದಿಲ್ಲ. ಕ್ವೀನ್ ಷಾರ್ಲಟ್ ಸೌಂಡ್ ತಲುಪಿದಾಗ ಮಾತ್ರ ಒಂದು ಬದಿಗೆ ತೆರೆದ ಪೆಸಿಫಿಕ್ ಸಾಗರ. ಅಲೆಗಳು ಉದ್ದುದ್ದಕ್ಕೆ ಬಂದು ಹಡಗನ್ನು ಎತ್ತಿ ಇಳಿಸತೊಡಗಿದವು. ಸ್ವಾಗತ ಕಟ್ಟೆಯ ಮೇಲೆ ಒಣಶುಂಠಿಯ ಮಿಠಾಯಿ ಮತ್ತು ಹಸಿರು ಸೇಬು ಪ್ರತ್ಯಕ್ಷವಾದವು. ಹೊಟ್ಟೆ ತೊಳಸುವ ಮೊದಲೇ ಮಾತ್ರೆ ನುಂಗಬೇಕು, ತೊಳಸಿದ ಮೇಲೆ ನುಂಗಿದರೆ ಅದೂ ಹೊರಬರುತ್ತದೆ. ಕ್ಯಾಬಿನ್ ಆರಿಸುವಾಗ ಮೇಲಂತಸ್ತಿನ ಮುಂಬದಿಯ ಚಂದದ ನೋಟಕ್ಕೆ ಮರುಳಾಗುವವರು ಹೆಚ್ಚು. ಅಲುಗಾಟ ಕಡಿಮೆ ಇರುವುದು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತುಗಳಲ್ಲಿ. ನಮ್ಮ ಕ್ಯಾಬಿನ್ ಅಲ್ಲಿತ್ತು. ಕಿಟಕಿಯಿಂದ ಕಾಣುತ್ತಿದ್ದುದು ಜೀವರಕ್ಷಕ ದೋಣಿಯ ಕಿತ್ತಳೆ ಬೆನ್ನು. ಎರಡರಲ್ಲಿ ಒಂದನ್ನು ಬಿಡಬೇಕಾದರೆ ನೋಟವನ್ನು ಬಿಡುವುದೇ ಲೇಸು.

ವಾರಗಳ ಲೆಕ್ಕ ತಪ್ಪದಿರಲೆಂದು ಲಿಫ್ಟಿನ ನೆಲಹಾಸಿನಲ್ಲಿ ಆ ದಿನದ ಹೆಸರು ನೇಯ್ದಿರುತ್ತಾರೆ, ನಡುರಾತ್ರಿ ಬದಲಿಸುತ್ತಾರೆ. ಗಂಟೆಯದು ಇನ್ನೊಂದು ಕಥೆ. ಅಲಾಸ್ಕಾದ ಸಮಯ ವ್ಯಾಂಕೂವರ್‌ಗಿಂತ ಒಂದು ಗಂಟೆ ಹಿಂದೆ. ಮೊಬೈಲ್ ತನ್ನಿಷ್ಟದಂತೆ ಕುಣಿಯುತ್ತದೆ. ಜೊತೆಗೆ ಹಡಗಿನ ಮೊಬೈಲ್ ಜಾಲಕ್ಕೆ ಅಂಟಿಕೊಂಡರೆ ಬಿಲ್ಲು ನೋಡುವಂತಿರುವುದಿಲ್ಲ. ಅದನ್ನು ಏರೋಪ್ಲೇನ್ ಸ್ಥಿತಿಯಲ್ಲಿಟ್ಟು ಅಕ್ಕನ ಹಳೆಯ ಕೈಗಡಿಯಾರವನ್ನು ಹಡಗಿನ ಗಂಟೆಗೆ ಹೊಂದಿಸಿಕೊಂಡೆವು.

ಮೂರನೆಯ ದಿನ: ಜೂನೋ

ಜೂನೋ ಅಲಾಸ್ಕಾದ ರಾಜಧಾನಿ. ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ; ಬಂದರೆ ನೀರಿನಿಂದ, ಇಲ್ಲವೇ ಗಾಳಿಯಿಂದ. ಹಾಗಾಗಿ ಇಲ್ಲಿಯವರಿಗೆ ಹಡಗು ಎದುರುಗೊಳ್ಳುವುದು ಹಳೆಯ ಅಭ್ಯಾಸ. 1930ರ ದಶಕದಲ್ಲಿ ಪ್ಯಾಟ್ಸಿ ಆ್ಯನ್ ಎಂಬ ಬುಲ್ ಟೆರಿಯರ್ ನಾಯಿ ಪ್ರತಿ ಹಡಗಿಗೂ ಕಟ್ಟೆಯ ಮೇಲೆ ಹಾಜರಿರುತ್ತಿತ್ತು. ಅದು ಹುಟ್ಟು ಕಿವುಡು. ಆದರೂ ಹಡಗಿನ ಕೂಗನ್ನು ಹೇಗೋ ಅರಿತು ಸರಿಯಾದ ಕಟ್ಟೆಗೇ ಓಡುತ್ತಿತ್ತಂತೆ. 1934ರಲ್ಲಿ ಮೇಯರ್ ಅದನ್ನು ಊರಿನ ಅಧಿಕೃತ ಸ್ವಾಗತಕಾರಿಣಿ ಎಂದು ಘೋಷಿಸಿದರು. ಈಗ ಕಂಚಿನ ನಾಯಿ ಕಟ್ಟೆಯಲ್ಲಿ ಕುಳಿತಿದೆ, ತಲೆ ಜನರ ಕೈಗಳಿಂದ ನುಣುಪಾಗಿದೆ.

ಇಳಿಯುವಾಗ ಮತ್ತೆ 'ಟಿಂಗ್'. ಹಡಗಿನಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬ ಲೆಕ್ಕ ಈ ಸದ್ದಿನಿಂದಲೇ ನಡೆಯುತ್ತದೆ. ಮೆಂಡನ್‌ಹಾಲ್ ಹಿಮನದಿಗೆ ಹಡಗಿನವರ ಬಸ್ಸು ದುಬಾರಿ ಎನ್ನಿಸಿ ನಗರದ ಬಸ್ಸು ಹಿಡಿದೆವು. ಅದು ಹಿಮನದಿಯವರೆಗೆ ಹೋಗುವುದಿಲ್ಲ; ಕೊನೆಗೆ ಎರಡು ಕಿಲೋಮೀಟರಿಗೂ ಹೆಚ್ಚು ನಡಿಗೆ. ನಡೆದದ್ದಕ್ಕೆ ಬೇಸರವಾಗಲಿಲ್ಲ. ದಾರಿಯ ಎರಡೂ ಬದಿಗೆ ಪಾಚಿ ಹೊದ್ದ ಸ್ಪ್ರೂಸ್ ಮರಗಳು, ಮಳೆಯೋ ಮಂಜೋ ಹೇಳಲಾಗದ ಹನಿ. ಹಿಮನದಿ ಕಂಡಾಗ ಅದು ನೀಲಿಯಾಗಿತ್ತು. ಒತ್ತಿ ಗಟ್ಟಿಯಾದ ಹಿಮ ಬೆಳಕಿನ ಕೆಂಪನ್ನು ಹೀರಿಕೊಂಡು ನೀಲಿಯನ್ನು ಬಿಟ್ಟುಕೊಡುತ್ತದೆ. ಮೋಡದ ದಿನ ಈ ನೀಲಿ ಇನ್ನಷ್ಟು ಗಾಢ. ಬಿಸಿಲಿಲ್ಲವೆಂದು ಗೊಣಗುತ್ತಿದ್ದವರಿಗೆ ಇದನ್ನು ಹೇಳಬೇಕೆನಿಸಿತು, ಹೇಳಲಿಲ್ಲ. ಪಕ್ಕದ ನಗೆಟ್ ಜಲಪಾತದ ತುಂತುರಿನಲ್ಲಿ ಅಕ್ಕನ ಕೊಡೆ ಮಗುಚಿ ಕಡ್ಡಿ ಮುರಿಯಿತು. ಇಲ್ಲಿಗೆ ಕೊಡೆ ಪ್ರಯೋಜನವಿಲ್ಲ, ಟೋಪಿಯಿರುವ ಮಳೆಯಂಗಿಯೇ ಬೇಕು.

ವಾಪಸಾಗುವಾಗ ಬಸ್ ಚಾಲಕಿ ಕೇಳಿದರು, "ನಿಮ್ಮ ಹಡಗು ಎಷ್ಟಕ್ಕೆ?" ಹೊರಡುವ ಗಂಟೆ ಹೇಳಿದೆ. "ಅದಲ್ಲ, ಹತ್ತುವ ಕೊನೆಯ ಗಂಟೆ ಎಷ್ಟು?" ಎಂದು ತಿದ್ದಿದರು. ಎರಡಕ್ಕೂ ಸಾಮಾನ್ಯವಾಗಿ ಅರ್ಧ ಗಂಟೆಯ ಅಂತರವಿರುತ್ತದೆ.

ನಾಲ್ಕನೆಯ ದಿನ: ಸ್ಕ್ಯಾಗ್‌ವೇ

ಇಕ್ಕೆಲದಲ್ಲಿ ಪರ್ವತಗಳು ಒತ್ತರಿಸಿದ, ಲಿನ್ ಕೆನಾಲ್ ಎಂಬ ಸಮುದ್ರದ ಚಾಚಿನ ತುದಿಯಲ್ಲಿ ಈ ಪುಟ್ಟ ಊರು. ಕಟ್ಟೆಯ ಪಕ್ಕದ ಬಂಡೆಗೋಡೆಯ ತುಂಬ ಹಡಗುಗಳ ಹೆಸರು; ಬಂದುಹೋದ ಸಿಬ್ಬಂದಿ ತಲೆಮಾರುಗಳಿಂದ ಬಳಿದ ಬಣ್ಣ. ಸಾವಿರದ ಚಿಲ್ಲರೆ ಜನ ಇರುವ ಊರಿನಲ್ಲಿ ಹಡಗುಗಳು ಬಂದ ದಿನ ಜನ ಎಷ್ಟೋ ಪಟ್ಟಾಗುತ್ತಾರೆ.

ಇಲ್ಲಿಗೆ ಬಂದ ಮೊದಲ ದೊಡ್ಡ ಗುಂಪಿಗೆ ಹಡಗು ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವಾಗಿತ್ತು. ಕೆನಡಾದ ಕ್ಲಾಂಡೈಕ್ ಪ್ರದೇಶದ ಚಿನ್ನಕ್ಕಾಗಿ 1897-98ರಲ್ಲಿ ನಡೆದ ಓಟದಲ್ಲಿ ಬಂದವರನ್ನು ಒಂದು ವರ್ಷಕ್ಕಾಗುವ ಸಾಮಗ್ರಿ, ಅಂದರೆ ಸುಮಾರು ಒಂದು ಟನ್ ಇಲ್ಲದೆ ಕೆನಡಾದ ಪೊಲೀಸರು ಗಡಿ ದಾಟಲು ಬಿಡುತ್ತಿರಲಿಲ್ಲ. ಅದನ್ನು ಹೊತ್ತು ಮೇಲೆ ಇಟ್ಟು, ಕೆಳಗಿಳಿದು, ಮತ್ತೆ ಹೊತ್ತು ಹತ್ತಬೇಕು. ವೈಟ್ ಪಾಸ್ ಹಾದಿಯಲ್ಲಿ ಮೂರು ಸಾವಿರದಷ್ಟು ಕುದುರೆಗಳು ಸತ್ತವು. ಈ ಹಾದಿಯಲ್ಲೇ 1898ರಲ್ಲಿ ಶುರುವಾಗಿ 1900ರಲ್ಲಿ ಮುಗಿದ, ಮೂರು ಅಡಿ ಅಗಲದ ಹಳಿಯ ರೈಲು ಇಂದು ಪ್ರವಾಸಿಗಳನ್ನು 32 ಕಿಲೋಮೀಟರಿನಲ್ಲಿ ಸುಮಾರು 870 ಮೀಟರ್ ಎತ್ತರಕ್ಕೆ ಏರಿಸುತ್ತದೆ. ಹೋಗುವಾಗ ಎಡಗಡೆ ಕೂರಬೇಕು ಎನ್ನುವುದು ಎಲ್ಲರಿಗೂ ತಿಳಿದುಹೋಗಿದೆ. ಬಲಗಡೆ ಜಾಗ ಸಿಕ್ಕ ನಾವು ಎರಡು ಬೋಗಿಗಳ ನಡುವಿನ ತೆರೆದ ಕಟ್ಟೆಯಲ್ಲಿ ನಿಂತೆವು. ಚಳಿಗೆ ಕಿವಿ ಮರಗಟ್ಟಿತು. ಕೆಳಗಿನ ಕಂದರದಲ್ಲಿ ಆ ಹಳೆಯ ಕಾಲುದಾರಿ ಇನ್ನೂ ಗೀರಿನಂತೆ ಉಳಿದಿದೆ. ಅರ್ಧ ಚೀಟಿ ಹರಿದ ನನ್ನ ಸೂಟ್‌ಕೇಸಿನ ಬಗ್ಗೆ ಅಷ್ಟೊಂದು ಗಲಾಟೆ ಮಾಡಿದ್ದನ್ನು ಅಕ್ಕ ಇಲ್ಲಿ ನೆನಪಿಸಿದಳು.

ಐದನೆಯ ದಿನ: ಗ್ಲೇಸಿಯರ್ ಬೇ

ಈ ದಿನ ಯಾರೂ ಇಳಿಯುವುದಿಲ್ಲ. ಹತ್ತುವವರಿದ್ದಾರೆ. ಬೆಳಿಗ್ಗೆ ಬೇಗನೆ, ಮಂಜಿನೊಳಗಿಂದ ಒಂದು ಪುಟ್ಟ ದೋಣಿ ಬಂದು ನಮ್ಮ ಮಗ್ಗುಲಿಗೆ ಹೊಂದಿಕೊಂಡಿತು. ಹಡಗು ನಿಲ್ಲಲಿಲ್ಲ. ಮೇಲಿನಿಂದ ಹಗ್ಗದ ಏಣಿ ಇಳಿಬಿಟ್ಟರು. ರಾಷ್ಟ್ರೀಯ ಉದ್ಯಾನದ ರೇಂಜರುಗಳು ಒಬ್ಬೊಬ್ಬರಾಗಿ ಅದನ್ನು ಹಿಡಿದು ಮೇಲೇರಿದರು. ಅವರಿಗೆ ಕಾರ್ಡೂ ಇಲ್ಲ, ಸಾಲೂ ಇಲ್ಲ. ದೋಣಿ ಏರಿಳಿಯುವ ಹೊತ್ತನ್ನು ಅಂದಾಜು ಮಾಡಿ, ಅಲೆಯ ತುದಿಯಲ್ಲಿ ಕಾಲು ಎತ್ತಬೇಕು. ನಾನು ಕಂಡ ಹಡಗು ಹತ್ತುವಿಕೆಗಳಲ್ಲಿ ನಿಜವಾದದ್ದು ಇದೊಂದೇ ಎಂದುಕೊಂಡೆ.

ದಿನಕ್ಕೆ ಎರಡೇ ಪ್ರವಾಸಿ ಹಡಗುಗಳಿಗೆ ಇಲ್ಲಿ ಪ್ರವೇಶ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್ ತಂಡದವರು ಬಂದಾಗ ಕೊಲ್ಲಿಯ ಬಾಯಿಯಲ್ಲೇ ಹಿಮದ ಗೋಡೆ ಅಡ್ಡವಿತ್ತು. 1879ರಲ್ಲಿ ಪ್ರಕೃತಿತಜ್ಞ ಜಾನ್ ಮ್ಯೂರ್ ಬರುವಷ್ಟರಲ್ಲಿ ಅದು ಹತ್ತಾರು ಕಿಲೋಮೀಟರ್ ಹಿಂದೆ ಸರಿದಿತ್ತು. ಈಗ ಒಳತುದಿಗೆ ನೂರು ಕಿಲೋಮೀಟರಿಗೂ ಮೀರಿದ ದಾರಿ. ಹಡಗು ಹತ್ತಿದವರಲ್ಲಿ ಇಲ್ಲಿಯ ಮೂಲನಿವಾಸಿಗಳಾದ ಹೂನಾ ಟ್ಲಿಂಗಿಟ್ ಸಮುದಾಯದ ಹೆಂಗಸೊಬ್ಬರೂ ಇದ್ದರು. ಹಿಮ ಮುಂದಕ್ಕೆ ನುಗ್ಗಿ ತಮ್ಮ ಹಿರಿಯರನ್ನು ಇಲ್ಲಿಂದ ಓಡಿಸಿದ ಕಥೆಯನ್ನು ಅವರು ಹೇಳಿದರು. ನಮಗೆಲ್ಲ ಹಿಮ ಕರಗುವ ಕಥೆ ಗೊತ್ತು. ಹಿಮ ಅಟ್ಟಿಸಿಕೊಂಡು ಬಂದ ಕಥೆಯನ್ನು ನಾನು ಕೇಳಿದ್ದು ಅಂದೇ. 2016ರಲ್ಲಿ ಇದೇ ಕೊಲ್ಲಿಯ ಬಾರ್ಟ್ಲೆಟ್ ಕೋವ್‌ನಲ್ಲಿ ಅವರ ಸಮುದಾಯದ ಮನೆಯೊಂದು ಮತ್ತೆ ಎದ್ದಿದೆ.

ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತು ನಿಧಾನವಾಗಿ ಸುತ್ತ ತಿರುಗಿತು, ಎಡದವರಿಗೂ ಬಲದವರಿಗೂ ಸಮನಾಗಿ ಕಾಣಲೆಂದು. ಆದ್ದರಿಂದ ಕಟಕಟೆಯ ಬಳಿ ಜಾಗಕ್ಕೆ ಜಗಳವಾಡಬೇಕಿಲ್ಲ, ಆಡಿದರು. ಸುಮಾರು ಒಂದೂವರೆ ಕಿಲೋಮೀಟರ್ ಅಗಲದ ಗೋಡೆ. ಸಿಬ್ಬಂದಿ ಬಿಸಿ ಸೂಪು ಹಂಚುತ್ತಿದ್ದರು. ಎಲ್ಲರೂ ಕ್ಯಾಮೆರಾ ಹಿಡಿದು ನಡುವಿನ ಬಿರುಕನ್ನೇ ದಿಟ್ಟಿಸುತ್ತಿದ್ದಾಗ ಬಲತುದಿಯಲ್ಲಿ ಒಂದು ಚೂರು ಕಳಚಿ ಬಿತ್ತು. ಮೊದಲು ಬಿದ್ದದ್ದು ಕಂಡಿತು, ಗುಡುಗು ಆಮೇಲೆ ಬಂತು. ಯಾರ ಚಿತ್ರದಲ್ಲೂ ಅದು ಸಿಕ್ಕಿರಲಾರದು. ಮಧ್ಯಾಹ್ನ ರೇಂಜರುಗಳು ಅದೇ ಏಣಿಯಲ್ಲಿ ಇಳಿದುಹೋದರು.

ಆರನೆಯ ದಿನ: ಕೆಚಿಕಾನ್

ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಕಟ್ಟೆಯ ಬಳಿ ಮಳೆ ಅಳೆದು ತೋರಿಸುವ ದೊಡ್ಡ ಫಲಕವನ್ನೇ ನಿಲ್ಲಿಸಿ ಹೆಮ್ಮೆಪಡುತ್ತಾರೆ. ಆ ದಿನ ಅದಕ್ಕೆ ಒಳ್ಳೆಯ ಕೊಡುಗೆ ಬಿತ್ತು. ಕ್ರೀಕ್ ಸ್ಟ್ರೀಟ್ ಎಂದರೆ ಹೊಳೆಯ ಮೇಲೆ ಮರದ ಕಂಬಗಳಲ್ಲಿ ನಿಂತ ಮನೆಗಳು, ಮರದ ಹಲಗೆಯ ಬೀದಿ. ಹಲಗೆಯ ಸಂದಿಯಲ್ಲಿ ಇಣುಕಿದರೆ ಕೆಳಗೆ ಸಾಲ್ಮನ್ ಮೀನುಗಳು, ಆಗಸ್ಟ್ ತಿಂಗಳಾದ್ದರಿಂದ ನೀರು ಕಪ್ಪಾಗುವಷ್ಟು. ಅವು ಪ್ರವಾಹಕ್ಕೆ ಎದುರಾಗಿ ಒಂದೇ ಕಡೆ ನಿಂತಂತೆ ಈಜುತ್ತಿದ್ದವು. ಹೊಗೆ ಹಾಕಿದ ಮೀನಿನ ಅಂಗಡಿಯಾಕೆ ನಾವು ನೆನೆದದ್ದನ್ನು ನೋಡಿ ಒಂದು ಚೂರು ಕೈಗಿಟ್ಟು, "ಮಳೆ ನಿಲ್ಲಲೆಂದು ಕಾಯುತ್ತಿದ್ದರೆ ನಿಮ್ಮ ಹಡಗು ತಪ್ಪುತ್ತದೆ" ಎಂದರು. ಟೋಟೆಮ್ ಹೆರಿಟೇಜ್ ಸೆಂಟರ್‌ನಲ್ಲಿ ಮೂಲನಿವಾಸಿಗಳು ಕೆತ್ತಿದ ಹತ್ತೊಂಬತ್ತನೆಯ ಶತಮಾನದ ಮರದ ಕಂಬಗಳಿವೆ, ಬಣ್ಣ ಮಾಸಿ, ಬಿರುಕುಬಿಟ್ಟು, ಅಂಗಡಿಗಳ ಮುಂದಿನ ಹೊಸ ಕಂಬಗಳಿಗಿಂತ ಹತ್ತು ಪಾಲು ಘನವಾಗಿ.

ಹತ್ತಲು ಹೋದರೆ ಬೆಳಿಗ್ಗೆ ಇಳಿದ ಬಾಗಿಲು ಮುಚ್ಚಿತ್ತು. ಇಲ್ಲಿ ಭರತ ಇಳಿತಗಳ ನಡುವೆ ಆರು ಮೀಟರಿನಷ್ಟು ಅಂತರವಾಗುವ ದಿನಗಳಿವೆ. ನೀರಿನ ಮಟ್ಟಕ್ಕೆ ತಕ್ಕಂತೆ ಹಡಗಿಗೆ ಹತ್ತುವ ಹಲಗೆಯನ್ನು ಬೇರೆ ಅಂತಸ್ತಿಗೆ ಸರಿಸುತ್ತಾರೆ. ಒದ್ದೆಯಾದ ಕಡಿದಾದ ಹಲಗೆಯಲ್ಲಿ ಗಾಲಿಕುರ್ಚಿಯ ಅಜ್ಜಿಯೊಬ್ಬರನ್ನು ನಾಲ್ವರು ಸಿಬ್ಬಂದಿ ಹಿಂದುಮುಂದಾಗಿ ಹಿಡಿದು ಏರಿಸಿದರು. ಮೊಣಕಾಲು ನೋವಿದ್ದವರು ಊರೂರಿನ ಹಲಗೆಯ ಇಳಿಜಾರನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಹಲಗೆ ತೆಗೆಯಲು ಸಿದ್ಧತೆ ನಡೆದಾಗ ಇಬ್ಬರು ಚೀಲಗಳ ಸಮೇತ ಕಟ್ಟೆಯುದ್ದಕ್ಕೂ ಓಡಿಬಂದರು. ಮೇಲಿನ ಅಂತಸ್ತುಗಳಿಂದ ಚಪ್ಪಾಳೆ, ಕೇಕೆ. ಕೊನೆಯ ಗಳಿಗೆಯಲ್ಲಿ ಒಳಸೇರಿದರು. ಮೊದಲ ದಿನ ಧ್ವನಿವರ್ಧಕದಲ್ಲಿ ಹೆಸರು ಕೇಳಿಸಿದ ಅದೇ ಕುಟುಂಬದವರು.

ಕೊನೆಯ ಎರಡು ದಿನ

ಮರಳುವ ದಾರಿಯ ದಿನ ಬರೀ ನೀರು, ಓದು, ಊಟ. ದೂರದಲ್ಲಿ ತಿಮಿಂಗಿಲದ ಉಸಿರು ಒಂದೆರಡು ಬಾರಿ ಚಿಮ್ಮಿತು. ರಾತ್ರಿ ಬಣ್ಣದ ಚೀಟಿ ಕಟ್ಟಿದ ಸೂಟ್‌ಕೇಸನ್ನು ಕ್ಯಾಬಿನ್ ಹೊರಗಿಡಬೇಕು. ಬೆಳಗಾಗುವಷ್ಟರಲ್ಲಿ ಅದು ಹಡಗಿನ ಹೊಟ್ಟೆ ಸೇರಿರುತ್ತದೆ. ಮರುದಿನ ತೊಡುವ ಬಟ್ಟೆ, ಚಪ್ಪಲಿ ಎತ್ತಿಟ್ಟುಕೊಳ್ಳದೆ ಎಲ್ಲವನ್ನೂ ತುಂಬಿಟ್ಟವರು ಪ್ರತಿ ಪ್ರವಾಸದಲ್ಲೂ ಇರುತ್ತಾರೆಂದು ಸಹಾಯಕ ಹೇಳಿದ್ದ. ಬೆಳಗಿನ ಉಪಾಹಾರಕ್ಕೆ ಸೂಟು ತೊಟ್ಟು ಹಡಗಿನ ಬಿಳಿ ಹತ್ತಿಯ ಚಪ್ಪಲಿಯಲ್ಲಿ ಬಂದ ಗಂಭೀರ ಮನುಷ್ಯರನ್ನು ನೋಡಿ ಅವನ ಮಾತು ಅರ್ಥವಾಯಿತು. ಸಾಮಾನನ್ನು ತಾವೇ ಎಳೆದುಕೊಂಡು ಇಳಿಯುತ್ತೇವೆ ಎನ್ನುವವರಿಗೆ ಮೊದಲೇ ಇಳಿಯುವ ಅವಕಾಶವಿದೆ. ಆದರೆ ಲಿಫ್ಟುಗಳು ಆ ಹೊತ್ತಿನಲ್ಲಿ ನಮ್ಮ ಮಾತು ಕೇಳುವುದಿಲ್ಲ.

ನಾವು ನಮ್ಮ ಚೀಟಿಯ ಬಣ್ಣವನ್ನು ಕರೆಯುವವರೆಗೆ ಕಾದೆವು. ಕೊನೆಯ 'ಟಿಂಗ್' ಆದ ಮೇಲೆ ಕಾರ್ಡಿಗೆ ಬಾಗಿಲು ತೆರೆಯುವ ಶಕ್ತಿ ಹೋಗುತ್ತದೆ. ಕೆನಡಾದ ಅಧಿಕಾರಿ ಏನು ತಂದಿರಿ ಎಂದು ಕೇಳಿದಾಗ ಅಕ್ಕ, "ಮೀನು ಮತ್ತು ಮುರಿದ ಕೊಡೆ" ಎಂದಳು. ಆತ ಕೊಡೆಯನ್ನು ನೋಡಿ ಪಾಸ್‌ಪೋರ್ಟ್ ಮರಳಿಸಿದ. ಸಭಾಂಗಣದಲ್ಲಿ ನಮ್ಮ ಬಣ್ಣದ ಚೀಟಿಯ ಸೂಟ್‌ಕೇಸುಗಳು ಸಾಲಾಗಿ ನಿಂತಿದ್ದವು, ಈ ಸಲ ನನ್ನದೇ ಮೊದಲು ಸಿಕ್ಕಿತು. ಇಳಿದ ದಿನವೇ ವಿಮಾನ ಹಿಡಿಯುವವರು ಮಧ್ಯಾಹ್ನದ ನಂತರದ್ದನ್ನೇ ನೋಡಿಕೊಳ್ಳಬೇಕು. ಮಂಜು ಬಿದ್ದರೆ, ಹಡಗುಗಳು ಒಟ್ಟಿಗೆ ಬಂದರೆ, ಸಾಲು ಯಾರ ಕೈಯಲ್ಲೂ ಇರುವುದಿಲ್ಲ. ನಮ್ಮದು ಸಂಜೆಯದಾಗಿತ್ತು. ವಾಟರ್‌ಫ್ರಂಟ್ ನಿಲ್ದಾಣ ಕಟ್ಟೆಯಿಂದ ಐದು ನಿಮಿಷದ ನಡಿಗೆ, ಅಲ್ಲಿಂದ ವಿಮಾನ ನಿಲ್ದಾಣಕ್ಕೆ ನೇರ ರೈಲಿದೆ, ಅರ್ಧ ಗಂಟೆಯೂ ಬೇಡ. ಅಕ್ಕ ಮೊದಲು ಒಂದು ಕಾಫಿ ಎಂದಳು.